ಚರ್ಚಿನ ಫ್ಯಾಮಿಲಿ ಕ್ಯಾಂಪಿಗೆ ಮಕ್ಕಳನ್ನ ಕರ್ಕೊಂಡು ಹೋದವರು ಅನುಭವ ಹೇಳಿ

ಎರಡು ಮಕ್ಕಳ ಅಪ್ಪ:
ನಮ್ಮ ಚರ್ಚಿನಿಂದ ಬೆಟ್ಟದಲ್ಲಿ ಫ್ಯಾಮಿಲಿ ಕ್ಯಾಂಪ್ ಇಟ್ಕೊಂಡಿದ್ದಾರೆ. ಶುಕ್ರವಾರ ಸಂಜೆ ಹೋಗೋದು, ಶನಿವಾರ ಚಾರಣ, ಭಾನುವಾರ ಅಲ್ಲೇ ಆರಾಧನೆ ಮುಗಿಸಿ ವಾಪಸ್. ಮಗನಿಗೆ 9, ಮಗಳಿಗೆ 4. ಅವಳು ರಾತ್ರಿ ಒಂದು ಸಲ ಎದ್ದೇ ಏಳ್ತಾಳೆ. ಸ್ವಂತ ಟೆಂಟ್ ತಗೊಳ್ಳೋದಾ, ಅವರು ಹಾಕೋ ದೊಡ್ಡ ಟೆಂಟಲ್ಲೇ ಎಲ್ಲರ ಜೊತೆ ಮಲಗೋದಾ?

ಒದ್ದೆ ಟೆಂಟ್:
ಸ್ವಂತದ್ದೇ ತಗೊಳ್ಳಿ ಸರ್, ಆದ್ರೆ ನನ್ನ ಹಾಗೆ ಬೇಡ. '4 ಜನರ ಟೆಂಟ್' ಅಂತ ಇತ್ತು, ನಾವೂ ನಾಲ್ಕೇ ಜನ, ಅರ್ಧ ತಿಂಗಳ ಸಂಬಳ ಸುರಿದೆ. ನಾಲ್ಕು ಜನ ಅಂದ್ರೆ ನಾಲ್ಕು ಚಾಪೆ ಅಂಟಿಸಿದ ಹಾಗೆ, ಬ್ಯಾಗಿಗೆ ಜಾಗ ಇಲ್ಲ. ಮೊದಲ ರಾತ್ರಿ ಚಳಿ ಅಂತ ಜಿಪ್ಪು, ಗಾಳಿಕಿಂಡಿ ಎಲ್ಲಾ ಮುಚ್ಚಿದ್ವಿ. ಬೆಳಗಿನ ಜಾವ ಹಣೆ ಮೇಲೆ ಟಪ್ ಅಂತ ಒಂದು ಹನಿ. ಸೋರ್ತಿದೆ ಅಂತ ಹೊರಗೆ ಬಂದು ನೋಡಿದ್ರೆ ಆಕಾಶದ ತುಂಬ ನಕ್ಷತ್ರ! ನಮ್ಮದೇ ಉಸಿರು ಬಟ್ಟೆಗೆ ತಾಗಿ ನೀರಾಗಿ ತೊಟ್ಟಿಕ್ತಾ ಇತ್ತು. ಎರಡನೇ ರಾತ್ರಿ ಬಂತು ನಿಜವಾದ ಮಳೆ. ಕೆಳಗೆ ಹಾಸಿದ್ದ ಟಾರ್ಪಾಲು ಟೆಂಟಿಗಿಂತ ಒಂದು ಗೇಣು ಹೊರಗೆ ಚಾಚಿತ್ತು, ಅದರ ಮೇಲೆ ಬಿದ್ದ ನೀರೆಲ್ಲ ಸೀದಾ ನಮ್ಮ ಬೆನ್ನಡಿಗೆ. ಟಾರ್ಪಾಲು ಟೆಂಟಿನ ಅಂಚಿಗಿಂತ ಒಳಗೇ ಇರಬೇಕು, ಇದನ್ನ ನನಗೆ ಯಾರೂ ಹೇಳ್ಲಿಲ್ಲ. ಮನೆಗೆ ಬಂದವನೇ ಒದ್ದೆ ಟೆಂಟನ್ನ ಚೀಲದಲ್ಲೇ ಮರೆತೆ. ಆರು ವಾರ ಆದ್ಮೇಲೆ ತೆಗೆದ್ರೆ ತುಂಬಾ ಕಪ್ಪು ಚುಕ್ಕಿ, ಒಳಲೇಪ ಕೈಗೆ ಅಂಟ್ತಾ ಇತ್ತು. ಹೆಂಡತಿ ಇವತ್ತಿಗೂ ಅದನ್ನ 'ನಿಮ್ಮ ಅರಮನೆ' ಅಂತಾಳೆ. ಈಗಿರೋದು 6 ಜನರದ್ದು, ನೀರು ತಡೆಯೋ ರೇಟಿಂಗ್ 3000 ಮಿ.ಮೀ. ಇರೋ ಬಟ್ಟೆ. ಮೂರು ಮಳೆ ನೋಡಿದೆ, ಒಂದು ಹನಿ ಒಳಗೆ ಬಂದಿಲ್ಲ.

ಪಾತ್ರೆ ತೊಳೆದವಳು:
ಟೆಂಟ್ ಯಾವುದಾದ್ರೂ ತಗೊಳ್ಳಿ ಅಣ್ಣ. ಕೆಲಸದ ಪಟ್ಟಿಯಲ್ಲಿ ನಿಮ್ಮ ಹೆಂಡತಿ ಹೆಸರು ಎಲ್ಲಿದೆ ಅಂತ ಮೊದಲು ನೋಡಿ. ನಾನು ಮೂರು ವರ್ಷ ಹೋದೆ, ಆ ಬೆಟ್ಟದ ತುದಿ ಹೇಗಿದೆ ಅಂತ ನನಗೆ ಗೊತ್ತಿಲ್ಲ. 'ಅಡುಗೆ: ಅಮ್ಮಂದಿರು' ಅಂತ ಬಾಗಿಲಿಗೆ ಅಂಟಿಸಿರ್ತಾರೆ, ಹೆಸರು ಕೂಡ ಬರೆಯಲ್ಲ. 60 ಜನ, ದಿನಕ್ಕೆ ಮೂರು ಹೊತ್ತು, ಅಂದ್ರೆ 180 ತಟ್ಟೆ, ಲೋಟ ಬೇರೆ, ಅಷ್ಟನ್ನೂ ತಣ್ಣೀರಲ್ಲಿ ತೊಳಿಬೇಕು. ಮೂರನೇ ವರ್ಷ ಭಾನುವಾರ ಪಾಸ್ಟರ್ ಮಾರ್ಥ–ಮರಿಯಳ ಕಥೆ ಎತ್ಕೊಂಡ್ರು. ಅಡುಗೆ ಗಡಿಬಿಡಿಯಲ್ಲಿದ್ದ ಮಾರ್ಥಳಿಗಿಂತ ಪಾದದ ಹತ್ರ ಕೂತು ಕೇಳಿದ ಮರಿಯಳೇ ಒಳ್ಳೇ ಭಾಗ ಆರಿಸ್ಕೊಂಡಳು ಅಂತ. ಅದನ್ನ ನಾನು ಕೇಳಿದ್ದು ಮೈಕಲ್ಲಿ, ತಳ ಹತ್ತಿದ ದೊಡ್ಡ ಪಾತ್ರೆಯೊಳಗೆ ಮೊಣಕೈವರೆಗೆ ಕೈ ಇಟ್ಕೊಂಡು! ಅಲ್ಲಿಗೆ ಸಾಕಾಯ್ತು. ಈಗ ಹೋಗಲ್ಲ.

ಕ್ಯಾಂಪ್ ಸಮಿತಿ, 11ನೇ ವರ್ಷ:
ಸಿಸ್ಟರ್, ಬೇಜಾರಾಗ್ಬೇಡಿ, ಆದ್ರೆ ಸಮಿತಿಯವರೇನು ಕಾಲು ಚಾಚ್ಕೊಂಡು ಮಲಗಿರ್ತಾರಾ? ಎರಡು ದಿನ ಮೊದಲೇ ಹೋಗಿ ಹಳ್ಳದಿಂದ 60 ಮೀಟರ್ ದೂರ ಟೇಪ್ ಹಿಡಿದು ಅಳೆದು ಶೌಚಗುಂಡಿ ತೋಡೋರು ನಾವು. ಕಳೆದ ಸಲ ಬಂಡೆ ಸಿಕ್ತು, ಮೂರು ಕಡೆ ತೋಡಿ ಮುಚ್ಚಿದ್ದೀವಿ, ನನ್ನ ಸೊಂಟ ಇನ್ನೂ ಸರಿಯಾಗಿಲ್ಲ. ಅದಕ್ಕೂ ಹಿಂದಿನ ವರ್ಷ ಒಬ್ಬ ಹುಡುಗ 40 ನಿಮಿಷ ಕಾಣೆಯಾದ. ಆಮೇಲೆ ಪ್ರತಿ ಮಗುವಿಗೂ ಸೀಟಿ ಕೊಟ್ಟು, ದಾರಿ ತಪ್ಪಿದ್ರೆ ನಿಂತಲ್ಲೇ ನಿಂತು ಮೂರು ಸಲ ಊದ್ಬೇಕು, ಮೂರು ಅಂದ್ರೆ ಆಪತ್ತು ಅಂತ ಕಲಿಸಿದ್ವಿ. ಆರಾಧನೆ ಮಧ್ಯದಲ್ಲಿ 22 ಸೀಟಿ ಒಟ್ಟಿಗೆ ಊದಿದ್ರು, ಅದು ಬೇರೆ ವಿಷಯ. ಬ್ರದರ್, ಮಗನಿಗೆ ಸೀಟಿ ಮರೀಬೇಡಿ.

ಪಾತ್ರೆ ತೊಳೆದವಳು:
ಗುಂಡಿ ವರ್ಷಕ್ಕೊಂದು ಸಲ ತೋಡ್ತೀರಿ. ತಟ್ಟೆ ದಿನಕ್ಕೆ 180.

ನಾವೇ ನಾಲ್ವರು:
ನಾವು ಕಥೋಲಿಕರು, ಕ್ಯಾಂಪ್ ಗೀಂಪ್ ಬಿಟ್ಟು ನೆಮ್ಮದಿಯಾಗಿದ್ದೀವಿ. ಶನಿವಾರ ಸಂಜೆ ಪೂಜೆಗೆ ಹೋಗ್ತೀವಿ, ಭಾನುವಾರ ಬೆಳಿಗ್ಗೆ 5ಕ್ಕೆ ಮನೆ ಬಿಟ್ಟು ಸಂಜೆವರೆಗೆ ಕಾಡು, ಹೊಳೆ, ನಾವೇ ನಾಲ್ವರು. ಸುಲಭಕ್ಕೆ ಬಂದಿದ್ದಲ್ಲ. ಮಗಳು ಗಾಯನ ವೃಂದ ಬಿಡಬೇಕಾಯ್ತು, ಅವರು ಹಾಡೋದು ಭಾನುವಾರದ ಪೂಜೆಗೆ. ಅತ್ತೆ ನಾಲ್ಕು ತಿಂಗಳು ನನ್ನ ಜೊತೆ ಮಾತಾಡ್ಲಿಲ್ಲ. ಆದ್ರೆ ಈಗ ಎರಡು ವರ್ಷದಿಂದ ಗಂಡ ಮಕ್ಕಳ ಜೊತೆ ಬಾಯ್ತುಂಬ ಮಾತಾಡೋದು ಭಾನುವಾರ ಕಾಲುದಾರಿಯಲ್ಲೇ.

ಹಳೇ ಕ್ವೈರ್ ಮಾಸ್ಟರ್:
ಶನಿವಾರದ ಪೂಜೆ ಹುಷಾರಿಲ್ಲದವರಿಗೆ, ರಾತ್ರಿ ಪಾಳಿಯವರಿಗೆ ಅಂತ ಇರೋದು, ಪಿಕ್ನಿಕ್ಕಿಗಲ್ಲ. ನಿಮ್ಮಂಥವರಿಂದಲೇ ನನ್ನ ವೃಂದದಲ್ಲಿ ಆಲ್ಟೋ, ಅಂದ್ರೆ ಹೆಂಗಸರ ತಗ್ಗು ದನಿ, ಹಾಡೋಕೆ ಒಬ್ಬರೂ ಇಲ್ಲ.

ನಾವೇ ನಾಲ್ವರು:
ಮಾಸ್ಟ್ರೇ, 1983ರ ಧರ್ಮಸಭೆಯ ಕಾನೂನು ಸಂಹಿತೆ ತೆಗೀರಿ, 1248ನೇ ಕಟ್ಟಳೆ. ಭಾನುವಾರ, ಹಬ್ಬದ ದಿನ ಅಥವಾ ಅದರ ಹಿಂದಿನ ಸಂಜೆ ಪೂಜೆಯಲ್ಲಿ ಭಾಗವಹಿಸಿದ್ರೆ ಕರ್ತವ್ಯ ಮುಗೀತು ಅಂತಿದೆ. ಕಾಯಿಲೆಯವರಿಗೆ ಮಾತ್ರ ಅಂತ ಎಲ್ಲಿದೆ ತೋರಿಸಿ.

ಹಳೇ ಕ್ವೈರ್ ಮಾಸ್ಟರ್:
ಕಟ್ಟಳೆ ನನಗೂ ಗೊತ್ತು ಮೇಡಂ. ಆಲ್ಟೋ ಎಲ್ಲಿಂದ ತರ್ಲಿ ಹೇಳಿ.

ಏಳನೇ ದಿನ:
ನೀವು ಭಾನುವಾರಕ್ಕೆ ಜಗಳ ಆಡ್ತಿದ್ದೀರಿ. ನಾವು ಅಡ್ವೆಂಟಿಸ್ಟರು, ನಮಗೆ ಶುಕ್ರವಾರ ಸೂರ್ಯ ಮುಳುಗಿದ್ರೆ ಸಬ್ಬತ್, ಅಂದ್ರೆ ಕೆಲಸ ಮಾಡದ ವಿಶ್ರಾಂತಿ ದಿನ, ಶುರು. ಒಂದ್ಸಲ ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ, ತಲುಪುವಾಗ ಬೆಟ್ಟದ ಹಿಂದೆ ಚಿಟಿಕೆ ಬೆಳಕಿತ್ತು. ಅಪ್ಪ ಗೂಟಕ್ಕೆ ಬಡೀತಾ ಬಡೀತಾ ಪಶ್ಚಿಮಕ್ಕೆ ನೋಡ್ತಿದ್ರು. ಏಳು ಗೂಟ ಆಯ್ತು, ಎಂಟನೆಯದು ಉಳೀತು. ರಾತ್ರಿಯೆಲ್ಲ ಆ ಮೂಲೆ ಪಟಪಟ ಹೊಡ್ಕೊಳ್ತಾ ಇತ್ತು, ಮನೆಯವರು ಯಾರೂ ಏಳ್ಲಿಲ್ಲ.

ಎರಡು ಮಕ್ಕಳ ಅಪ್ಪ:
ಎಲ್ಲರಿಗೂ ಧನ್ಯವಾದ. ಮಗಳು ರಾತ್ರಿ ಎದ್ರೆ ಏನು ಮಾಡ್ತೀರಿ ಅಂತ ಯಾರಾದ್ರೂ...

ಒದ್ದೆ ಟೆಂಟ್:
ಏಳೋದು ಚಳಿಗೆ ಸರ್. ಹೊದಿಕೆ ಮೇಲೆ ಹೊದಿಕೆ ಹಾಕ್ತಾರೆ, ಕೆಳಗೆ ತೆಳ್ಳಗಿನ ಚಾಪೆ. ಮೈಬಿಸಿ ಎಳ್ಕೊಳ್ಳೋದು ನೆಲ. ಒಳಗೆ ಬರೀ ಗಾಳಿ ಇರೋ ಹಾಸಿಗೆ ಇನ್ನೂ ಮೋಸ, ಅದೂ ನನ್ನ ಹತ್ರ ಇತ್ತು, ಮಧ್ಯರಾತ್ರಿ ಗಾಳಿನೂ ಹೋಯ್ತು. ಫೋಮ್ ಹಾಸಿ. ಸಾವಿರ ಮೀಟರ್ ಮೇಲಕ್ಕೆ ಹೋದ್ರೆ ಸುಮಾರು 6 ಡಿಗ್ರಿ ಇಳಿಯುತ್ತೆ, ಊರಿನ ಹವೆ ನೋಡಿ ಬಟ್ಟೆ ತುಂಬಬೇಡಿ.

ಪಾತ್ರೆ ತೊಳೆದವಳು:
ಅಣ್ಣ, ಅಂಥಾ ಮಗು ಇದ್ರೆ ದೊಡ್ಡ ಟೆಂಟ್ ಬೇಡವೇ ಬೇಡ. ನನ್ನ ಚಿಕ್ಕವಳು ಒಂದು ರಾತ್ರಿ ಅತ್ತಿದ್ದಕ್ಕೆ 14 ಜನ ಎದ್ದು ಕೂತ್ರು. ಬೆಳಿಗ್ಗೆ ಅಷ್ಟೂ ಜನ 'ಪಾಪ, ನಿದ್ದೆ ಆಯ್ತಾ' ಅಂತ ನನ್ನನ್ನ ಕೇಳಿದ ರೀತಿ ಇದೆಯಲ್ಲ, ಬೈದಿದ್ರೂ ಪರವಾಗಿರಲಿಲ್ಲ.

ಕ್ಯಾಂಪ್ ಸಮಿತಿ, 11ನೇ ವರ್ಷ:
ಒಂದು ಸ್ಪಷ್ಟೀಕರಣ. ನಮ್ಮ ಕ್ಯಾಂಪಲ್ಲಿ ಪಾತ್ರೆ ನಾನೂ ತೊಳೆದಿದ್ದೀನಿ.

ಪಾತ್ರೆ ತೊಳೆದವಳು:
ಎಷ್ಟು?

ಕ್ಯಾಂಪ್ ಸಮಿತಿ, 11ನೇ ವರ್ಷ:
ನನ್ನದು. ಮತ್ತೆ ಪಾಸ್ಟರ್ ಅವರದು.