ಒಂದೇ ಸಿಕಲ್ ಸೆಲ್, ಕಿಡ್ನಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ ಯಾಕೆ?

ಪ್ರಶ್ನೆ (ಬೆಳಗಾವಿಯಿಂದ ಒಬ್ಬ ತಾಯಿ):
ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನ್ನ ತವರು ಚಂದ್ರಪುರದ ಕಡೆ, ಈಗ ಬೆಳಗಾವಿಯಲ್ಲಿದ್ದೇವೆ. ಮಗನಿಗೆ 13 ವರ್ಷ. ಸಿಕಲ್ ಸೆಲ್ (ರಕ್ತದ ಕೆಂಪು ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ಇದೆ, ರಿಪೋರ್ಟಿನಲ್ಲಿ ಎಸ್‌ಎಸ್, ಅಂದರೆ ಅಪ್ಪ, ಅಮ್ಮ ಇಬ್ಬರಿಂದಲೂ ಬಂದದ್ದು, ಅಂತ ಇದೆ. ಹೋದ ತಿಂಗಳು ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ 90 ಬಂತು. ರಕ್ತದ ಕ್ರಿಯಾಟಿನಿನ್ 0.4, ನಾರ್ಮಲ್ ಇದೆ, ಚಿಂತೆ ಬೇಡ ಅಂದರು. ನನ್ನ ಅಕ್ಕನ ಮಗನಿಗೂ ಇದೇ ಕಾಯಿಲೆ, ಅವನಿಗೆ 17. ಅವನ ಮೂತ್ರದಲ್ಲಿ ಏನೂ ಇಲ್ಲ. ಹೀಗ್ಯಾಕೆ? ಕಿಡ್ನಿಗೆ ಜೀನ್ ಟೆಸ್ಟ್ ಇದೆಯಂತೆ. ಸಾಲ ಮಾಡಿಯಾದರೂ ಮಾಡಿಸೋಣ ಅಂತಿದ್ದಾರೆ ಮನೆಯವರು. ಮಾಡಿಸಬೇಕಾ?

ಉತ್ತರ (ಕಿಡ್ನಿ ವೈದ್ಯರು):
ಅಕ್ಕಾರೆ, ಜೀನ್ ಟೆಸ್ಟ್‌ಗೆ ಸಾಲ ಮಾಡಬೇಡಿ. ಆ 90ರ ಬಗ್ಗೆ ಮೊದಲು ಮಾತಾಡೋಣ. ಅದು ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಅಂತ ತಿಳಿದು ಹೇಳುತ್ತೇನೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. ಅದನ್ನು ದಾಟಿದರೆ ಕಿಡ್ನಿಯ ಸೋಸುವ ಜಾಲರಿ ಸೋರಲು ಶುರುವಾಗಿರಬಹುದು. ಆದರೆ ಒಂದೇ ಸಲದ ರಿಪೋರ್ಟ್ ನಂಬಬೇಡಿ. ಜ್ವರ ಇದ್ದಾಗ, ಮೈಕೈ ನೋವು ಜೋರಾದಾಗ, ಆಟ ಆಡಿ ಬಂದ ಮೇಲೆ ಕೊಟ್ಟ ಮೂತ್ರದಲ್ಲಿ ಸುಮ್ನೆ ಜಾಸ್ತಿ ತೋರಿಸುತ್ತದೆ. ಮಗ ಆರಾಮಾಗಿದ್ದಾಗ, ಬೆಳಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಕ್ರಿಯಾಟಿನಿನ್, ಅಂದರೆ ಮಾಂಸಖಂಡದಿಂದ ಬಂದು ಕಿಡ್ನಿ ಹೊರಹಾಕುವ ಕಸ. ಸಿಕಲ್ ಸೆಲ್ ಇರುವವರಲ್ಲಿ ಈ ಸಂಖ್ಯೆ ನಮಗೆ ಸುಳ್ಳು ಧೈರ್ಯ ಕೊಡುತ್ತದೆ. ಈ ಮಕ್ಕಳ ಕಿಡ್ನಿ ಚಿಕ್ಕಂದಿನಲ್ಲಿ ಅಗತ್ಯಕ್ಕಿಂತ ಜೋರಾಗಿ ಸೋಸುತ್ತದೆ. ಕ್ರಿಯಾಟಿನಿನ್ ಮೂತ್ರಕ್ಕೆ ಜಾಸ್ತಿ ಹೋಗುತ್ತದೆ. ಮೈಯಲ್ಲಿ ಮಾಂಸವೂ ಕಡಿಮೆ. ಹಾಗಾಗಿ 0.4, 0.5 ಬರುವುದು ಸಹಜ. ಮುಂದೆ ಯಾವತ್ತೋ ಅದು 0.9 ಆದಾಗಲೂ ಲ್ಯಾಬ್ ಕಾಗದದಲ್ಲಿ ನಾರ್ಮಲ್ ಅಂತಲೇ ಇರುತ್ತದೆ. ಅಷ್ಟರಲ್ಲಿ ಕಿಡ್ನಿಯ ಶಕ್ತಿ ಸಾಕಷ್ಟು ಕುಗ್ಗಿರಬಹುದು. ಅದಕ್ಕೇ 10 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ನೋಡಲೇಬೇಕು. ನಮ್ಮಲ್ಲಿ ಬಹಳ ಮಕ್ಕಳಿಗೆ ಹಿಮೋಗ್ಲೋಬಿನ್ ನೋಡುತ್ತಾರೆ, ಮೂತ್ರ ನೋಡುವುದಿಲ್ಲ. ಇದು ನನಗೆ ತುಂಬಾ ಬೇಸರದ ವಿಷಯ.

ಈಗ ನಿಮ್ಮ ಅಸಲಿ ಪ್ರಶ್ನೆ. ಇಬ್ಬರೂ ಹುಡುಗರಲ್ಲಿ ಸಿಕಲ್ ಸೆಲ್ ತಂದ ತಪ್ಪು ಒಂದೇ. 11ನೇ ಕ್ರೋಮೋಸೋಮಿನಲ್ಲಿರುವ ಬೀಟಾ ಗ್ಲೋಬಿನ್ (ಹಿಮೋಗ್ಲೋಬಿನ್ನಿನ ಒಂದು ಭಾಗ) ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ಆ ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ವ್ಯಾಲೀನ್ ಬಂದು ಕೂತಿದೆ. ಆದರೆ ಮನುಷ್ಯನಲ್ಲಿ ಇರುವುದು ಒಂದು ಜೀನ್ ಅಲ್ವಲ್ಲ. ಉಳಿದ ಜೀನುಗಳು ಆ ತಪ್ಪಿನ ಪೆಟ್ಟನ್ನು ಹೆಚ್ಚಿಸಬಹುದು, ತಗ್ಗಿಸಲೂಬಹುದು. ಅಕ್ಕನ ಮಗನಿಗೆ ಅವನ ಅಪ್ಪನ ಕಡೆಯಿಂದ ಬಂದ ಜೀನುಗಳೇ ಬೇರೆ. ಒಡಹುಟ್ಟಿದವರಲ್ಲೇ ವ್ಯತ್ಯಾಸ ಇರುತ್ತದೆ.

ಇದರಲ್ಲಿ ನಮ್ಮ ಕಡೆಯವರಿಗೆ ಮುಖ್ಯವಾದದ್ದು ಆಲ್ಫಾ ಥಲಸ್ಸೀಮಿಯಾ. ಹೆಸರು ಕೇಳಿ ಹೆದರಬೇಡಿ. ಹಿಮೋಗ್ಲೋಬಿನ್ನಿನ ಇನ್ನೊಂದು ಭಾಗವಾದ ಆಲ್ಫಾ ಗ್ಲೋಬಿನ್ನಿಗೆ ಜೀನುಗಳು ನಾಲ್ಕಿರುತ್ತವೆ. ಅದರಲ್ಲಿ ಒಂದೋ ಎರಡೋ ಇಲ್ಲದವರು ಭಾರತದ ಆದಿವಾಸಿ ಸಮುದಾಯಗಳಲ್ಲಿ ಬಹಳ ಜನ ಇದ್ದಾರೆ. ಅಂಥವರಿಗೆ ಸಿಕಲ್ ಸೆಲ್ ಬಂದರೆ ಕೆಂಪು ಕಣ ಸಣ್ಣದಾಗಿರುತ್ತದೆ, ಒಡೆಯುವುದೂ ಕಡಿಮೆ. ಕಣ ಒಡೆದಾಗ ಹೊರಬೀಳುವ ಹಿಮೋಗ್ಲೋಬಿನ್ ಕಿಡ್ನಿಗೆ ವಿಷ ಇದ್ದಂತೆ. ಅದು ಕಡಿಮೆಯಾದರೆ ಅಲ್ಬುಮಿನ್ ಸೋರುವುದೂ ಕಡಿಮೆ ಅಂತ ಅಧ್ಯಯನಗಳು ತೋರಿಸಿವೆ. ಕಿಡ್ನಿಗೆ ಒಳ್ಳೆಯದು, ಆದರೆ ನೋವಿಗೆ ಹಾಗಲ್ಲ. ಕಣಗಳ ಸಂಖ್ಯೆ ಜಾಸ್ತಿಯಾಗಿ ರಕ್ತ ಮಂದವಾಗುವುದರಿಂದ ಅವರಿಗೆ ನೋವಿನ ಕಾಟ ಹೆಚ್ಚೂ ಇರಬಹುದು.

ಎರಡನೆಯದು ಎಚ್‌ಬಿಎಫ್, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹಿಮೋಗ್ಲೋಬಿನ್. ಅದು ಜಾಸ್ತಿ ಇದ್ದರೆ ಕಣ ಬಾಗುವುದು ಕಡಿಮೆ. ಬಿಸಿಎಲ್11ಎ ಎಂಬ ಜೀನಿನ ಬಗೆಯಿಂದ ಕೆಲವರಲ್ಲಿ ಅದು ದೊಡ್ಡವರಾದ ಮೇಲೂ ಉಳಿಯುತ್ತದೆ. ಭಾರತದ ಸಿಕಲ್ ಸೆಲ್ ರೋಗಿಗಳಲ್ಲಿ ಅದು ಸಾಮಾನ್ಯವಾಗಿ ಜಾಸ್ತಿ. ಅದಕ್ಕೇ ಇಲ್ಲಿಯ ಕಾಯಿಲೆ ಸೌಮ್ಯ ಅಂತ ಮೊದಲು ಬರೆದರು. ನಿಮ್ಮ ತವರಿನ ಕಡೆಯ ವಿದರ್ಭದ ಮಕ್ಕಳನ್ನು ನೋಡಿದವರು ಆ ಮಾತು ಒಪ್ಪುವುದಿಲ್ಲ. ಎಚ್‌ಬಿಎಫ್ ಜಾಸ್ತಿ ಇದ್ದೂ ಬಹಳ ನರಳುವ ಮಕ್ಕಳು ಅಲ್ಲಿದ್ದಾರೆ. ಮೂರನೆಯದು ಎಚ್‌ಎಂಒಎಕ್ಸ್1. ಒಡೆದ ಹಿಮೋಗ್ಲೋಬಿನ್ನಿನ ಹೀಮ್ ಭಾಗವನ್ನು ಕರಗಿಸುವ ಕಿಣ್ವದ ಜೀನ್ ಅದು. ಅದು ದುರ್ಬಲವಾಗಿದ್ದರೆ ಕಿಡ್ನಿಗೆ ಪೆಟ್ಟು ಹೆಚ್ಚು.

ಇಷ್ಟೆಲ್ಲ ತಿಳಿದರೂ ನಿಮ್ಮ ಮಗನ ಔಷಧಿ ಬದಲಾಗುವುದಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದೆಯೋ ಇಲ್ಲವೋ ಎನ್ನುವುದರ ಮೇಲೆಯೇ ನಾವು ಚಿಕಿತ್ಸೆ ಮಾಡುವುದು. ಆ ದುಡ್ಡು ಪರೀಕ್ಷೆ, ಔಷಧಿ, ಓಡಾಟಕ್ಕೆ ಇರಲಿ.

ಪ್ರಶ್ನೆ (ಜಮಖಂಡಿಯಿಂದ):
ಸರ್, ನನ್ನ ಮಗಳಿಗೂ ಸಿಕಲ್ ಸೆಲ್. 11 ವರ್ಷವಾದರೂ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಸಂಜೆ ಮೇಲೆ ನೀರು ಕೊಡಬೇಡ ಅಂತಾರೆ ಅತ್ತೆ. ದಿನಾ ಬೈಗುಳ. ಇದೂ ಕಿಡ್ನಿದೇನಾ?

ಉತ್ತರ:
ಹೌದು ತಂಗಿ, ಬಹುಮಟ್ಟಿಗೆ ಕಿಡ್ನಿಯದೇ. ದಯವಿಟ್ಟು ಇದನ್ನು ನಿಮ್ಮ ಅತ್ತೆಗೆ ಓದಿ ಹೇಳಿ. ಕಿಡ್ನಿಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಉಪ್ಪಿನಂಶ ಜಾಸ್ತಿ. ಕೆಂಪು ಕಣ ಕುಡುಗೋಲಿನಂತೆ ಬಾಗಲು ಅಂಥ ಜಾಗ ಸಾಕು. ಅಲ್ಲಿಯ ಸಣ್ಣ ರಕ್ತನಾಳಗಳು ಕಟ್ಟಿಕೊಂಡು, ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಚಿಕ್ಕ ವಯಸ್ಸಿನಲ್ಲೇ ಹೋಗುತ್ತದೆ. ಹಾಗಾಗಿ ತೆಳುವಾದ ಮೂತ್ರ ರಾತ್ರಿಯೂ ತುಂಬಿಕೊಳ್ಳುತ್ತದೆ. ಮಗು ಬೇಕಂತ ಮಾಡುತ್ತಿಲ್ಲ, ಸೋಮಾರಿತನವೂ ಅಲ್ಲ.

ನೀರು ನಿಲ್ಲಿಸಲೇಬೇಡಿ. ಬೇರೆ ಮಕ್ಕಳು ನೀರು ಕಡಿಮೆ ಕುಡಿದರೆ ಕಿಡ್ನಿ ನೀರು ಉಳಿಸಿಕೊಳ್ಳುತ್ತದೆ. ಇವಳಿಗೆ ಆ ಶಕ್ತಿ ಇಲ್ಲ, ಮೈ ಒಣಗಿ ನೋವು ಶುರುವಾಗುತ್ತದೆ. ನಿಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಲ್ಲಂತೂ ಅಪಾಯ. ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ಎಬ್ಬಿಸಿ. ಶಾಲೆಯಲ್ಲಿ ಹೆಡ್ ಮಾಸ್ತರರಿಗೆ ಒಂದು ಚೀಟಿ ಕೊಡಿ. ನೀರಿನ ಬಾಟಲಿ ಹತ್ತಿರ ಇರಬೇಕು, ಕೇಳಿದಾಗ ಹೊರಗೆ ಬಿಡಬೇಕು. ಮೂತ್ರದ ಸೋಂಕು, ಸಕ್ಕರೆ ಇಲ್ಲ ಅಂತ ಒಮ್ಮೆ ನೋಡಿಸಿಕೊಳ್ಳಿ. ಅವಳಿಗೂ 10 ದಾಟಿದೆ, ಅಲ್ಬುಮಿನ್ ಪರೀಕ್ಷೆ ಆಗಿದೆಯಾ?

ಪ್ರಶ್ನೆ (ಖಾನಾಪುರ ತಾಲೂಕಿನಿಂದ):
ನಾವು ಸಿದ್ದಿ ಸಮುದಾಯದವರು. ಆಫ್ರಿಕಾ ಮೂಲದವರಿಗೆ ಕಿಡ್ನಿ ಕೆಡಿಸುವ ಜೀನ್ ಇರುತ್ತೆ ಅಂತ ಓದಿದೆ. ನಮಗೂ ಇದೆಯಾ ಸರ್?

ಉತ್ತರ:
ನೀವು ಓದಿದ್ದು ಎಪಿಒಎಲ್1 ಎಂಬ ಜೀನಿನ ಬಗ್ಗೆ ಇರಬೇಕು ತಮ್ಮಾ. ಅದು 22ನೇ ಕ್ರೋಮೋಸೋಮಿನಲ್ಲಿದೆ. ಅದರ ಜಿ1, ಜಿ2 ಎಂಬ ಎರಡು ಬಗೆಗಳಿಗೂ ಕಿಡ್ನಿ ಕಾಯಿಲೆಗೂ ನಂಟಿದೆ ಅಂತ 2010ರಲ್ಲಿ ಗೊತ್ತಾಯಿತು. ಆಫ್ರಿಕಾದಲ್ಲಿ ತ್ಸೆತ್ಸೆ ನೊಣದಿಂದ ನಿದ್ದೆ ಕಾಯಿಲೆ ಬರುತ್ತದೆ. ಈ ಬಗೆಗಳು ಆ ಕಾಯಿಲೆಯಿಂದ ಕಾಪಾಡಿದ್ದರಿಂದ ಅಲ್ಲಿಯ ಜನರಲ್ಲಿ ಉಳಿದುಕೊಂಡವು ಅಂತ ತಿಳಿಯಲಾಗಿದೆ. ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಕಿಡ್ನಿಗೆ ಅಪಾಯ ಹೆಚ್ಚು. ಸಿಕಲ್ ಸೆಲ್ ಜೊತೆ ಸೇರಿದರೆ ಅಲ್ಬುಮಿನ್ ಬೇಗ ಸೋರುತ್ತದೆ. ಹಾಗೆ ಎರಡು ಪ್ರತಿ ಇರುವ ಎಲ್ಲರಿಗೂ ಕಾಯಿಲೆ ಬರುವುದಿಲ್ಲ.

ಭಾರತದ ಬೇರೆ ಜನರಲ್ಲಿ ಇದು ಅಪರೂಪ. ಸಿದ್ದಿ ಜನರಲ್ಲಿ ಆಫ್ರಿಕಾದ ಜೊತೆ ಇಲ್ಲಿಯ ಜೀನುಗಳೂ ಬೆರೆತಿವೆ. ಆದ್ದರಿಂದ ಸಮುದಾಯದ ಹೆಸರು ನೋಡಿ ನಿಮಗೆ ಇದೆ, ಇಲ್ಲ ಅಂತ ಯಾರೂ ಹೇಳಬಾರದು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಕಿಡ್ನಿ ಕೆಟ್ಟವರು ಇದ್ದರೆ ಹೇಳಿ, ಆಗ ಈ ಟೆಸ್ಟಿನ ಮಾತು ಬೇರೆ. ಇಲ್ಲದಿದ್ದರೆ ಬಿಪಿ, ಮೂತ್ರ ನೋಡಿಸಿದರೆ ಸಾಕು. ಸಿಕಲ್ ಸೆಲ್ ತಪಾಸಣೆ ಆಗಿಲ್ಲದಿದ್ದರೆ ಅದನ್ನು ಮಾತ್ರ ಬಿಡಬೇಡಿ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯಲ್ಲಿ ಕರ್ನಾಟಕವೂ ಇದೆ. 40 ವರ್ಷದವರೆಗಿನವರಿಗೆ ತಪಾಸಣೆ ಮಾಡುತ್ತಾರೆ.

ಪ್ರಶ್ನೆ (ವಿಜಯಪುರದಿಂದ):
ನನಗೆ ಸಿಕಲ್ ಸೆಲ್ ಕಾಯಿಲೆ ಇಲ್ಲ, ಬರೀ ವಾಹಕ, ಎಎಸ್, ಅಂದರೆ ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದದ್ದು. ಎರಡು ಸಲ ಮೂತ್ರ ಕೆಂಪಾಗಿ ಹೋಯಿತು, ನೋವಿರಲಿಲ್ಲ. ವಾಹಕರಿಗೆ ಏನೂ ಆಗಲ್ಲ ಅಂತಾರಲ್ಲ?

ಉತ್ತರ:
ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಕಿಡ್ನಿ ಅದಕ್ಕೆ ಹೊರತು. ಒಳಭಾಗದ ರಕ್ತ ಸಂಚಾರ ನಿಂತು ಅಲ್ಲಿಂದ ರಕ್ತ ಬರಬಹುದು. ಹೆಚ್ಚಾಗಿ ತಾನೇ ನಿಲ್ಲುತ್ತದೆ. ಆದರೂ ಸ್ಕ್ಯಾನ್ ಮಾಡಿಸದೆ ಬಿಡಬೇಡಿ. ಬಹಳ ಅಪರೂಪಕ್ಕೆ, ಚಿಕ್ಕ ವಯಸ್ಸಿನ ವಾಹಕರಲ್ಲಿ, ಕಿಡ್ನಿಯ ಒಳಭಾಗದ ಒಂದು ಕ್ಯಾನ್ಸರ್ ಹೀಗೇ ತೋರಿಸಿಕೊಳ್ಳುತ್ತದೆ. ಹೆದರಿಸಲು ಹೇಳುತ್ತಿಲ್ಲ, ಈ ವಾರವೇ ಹೋಗಿ ಬನ್ನಿ ಅಂತ ಹೇಳುತ್ತಿದ್ದೇನೆ.

ಮೊದಲು ಕೇಳಿದ ತಾಯಿ:
ಸರ್, ಮತ್ತೊಮ್ಮೆ ಬೆಳಗಿನ ಮೂತ್ರ ಕೊಟ್ಟೆವು. 84 ಬಂದಿದೆ. ಮುಂದೇನು? ನೋವು ಬಂದಾಗ ಇಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸುತ್ತೇವೆ, ಅದು ನಡೆಯುತ್ತಾ?

ಉತ್ತರ:
ಹಾಗಾದರೆ ಇದು ನಿಜವಾದ ಸೋರಿಕೆ ಅಕ್ಕಾರೆ. ಡೈಕ್ಲೋಫೆನಾಕ್ ಇವತ್ತಿಗೇ ನಿಲ್ಲಿಸಿ, ಐಬುಪ್ರೊಫೆನ್ ಕೂಡ ಬೇಡ. ಈ ಗುಂಪಿನ ನೋವಿನ ಔಷಧಿಗಳು ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ಸಣ್ಣ ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ನೀರು, ಬಿಸಿ ಕಾವು. ಅದಕ್ಕೆ ಬಗ್ಗದಿದ್ದರೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ ಬೇರೆ ಔಷಧಿ ಕೊಡುತ್ತಾರೆ. ಇದನ್ನು ಒಂದು ಕಾಗದದಲ್ಲಿ ಬರೆಸಿ ಮಗನ ಫೈಲಿನ ಮೊದಲ ಪುಟದಲ್ಲಿಡಿ.

ಹೈಡ್ರಾಕ್ಸಿಯೂರಿಯಾ ಶುರು ಮಾಡಿದ್ದಾರಾ ಕೇಳಿ. ಮಾಡಿದ್ದರೆ ಬಿಡದೆ ಕೊಡಿ. ಅದು ಎಚ್‌ಬಿಎಫ್ ಏರಿಸುತ್ತದೆ. ಕಿಡ್ನಿ ಶಕ್ತಿ ಕಡಿಮೆಯಾದರೆ ಅದರ ಡೋಸ್ ಇಳಿಸಬೇಕಾಗುತ್ತದೆ, ಅದಕ್ಕೇ ರಕ್ತ ಪರೀಕ್ಷೆ ತಪ್ಪಿಸಬೇಡಿ. ಸೋರಿಕೆ ತಗ್ಗಿಸಲು ಎನಲಾಪ್ರಿಲ್, ಲೋಸಾರ್ಟನ್ ಥರದ ಗುಳಿಗೆ ಇವೆ. ಬಿಪಿಯ ಗುಳಿಗೆ ಅಂತ ಕೇಳಿರುತ್ತೀರಿ, ಬಿಪಿ ಇಲ್ಲದ ಮಗುವಿಗೂ ಕಿಡ್ನಿಗೋಸ್ಕರ ಸಣ್ಣ ಡೋಸಿನಲ್ಲಿ ಕೊಡುತ್ತೇವೆ. ಶುರು ಮಾಡಿದ ಒಂದೆರಡು ವಾರಕ್ಕೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕು. ವಾಂತಿ, ಭೇದಿ ಆದ ದಿನ ಆ ಗುಳಿಗೆ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಹಳೆಯ ರಿಪೋರ್ಟ್ ಎಲ್ಲ ತೆಗೆದುಕೊಂಡು ಮಕ್ಕಳ ಕಿಡ್ನಿ ವೈದ್ಯರನ್ನು ಈ ತಿಂಗಳೇ ನೋಡಿ. ಅಕ್ಕನ ಮಗನ ಮೂತ್ರವನ್ನೂ ಮುಂದಿನ ವರ್ಷ ಮತ್ತೆ ನೋಡಿಸಲು ಹೇಳಿ. ಈಗ ಏನೂ ಇಲ್ಲ ಅಂತ ಅವನದು ಅಲ್ಲಿಗೇ ಬಿಡುವ ಹಾಗಿಲ್ಲ.