ಸಹಾಯ ಬೇಕು: ಅರ್ಥಶಾಸ್ತ್ರದ ಮೂಲಕ ವ್ಯವಹಾರದ ಇಂಗ್ಲಿಷ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಬಿ.ಕಾಂ. ವಿದ್ಯಾರ್ಥಿಗಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಅಡಿಕೆ ಮಂಡಿಯ ಟೆಂಡರು, ಸರಕು, ಬೆಟ್ಟೆ, ರಾಶಿ ಎಂಬ ಅಡಿಕೆ ಬಗೆಗಳ ದರದ ಏರಿಳಿತ, ಸೊಸೈಟಿಯ ಬೆಳೆಸಾಲ ಇವೆಲ್ಲವನ್ನೂ ಮನೆಯಲ್ಲೇ ಕಂಡಿರುವುದರಿಂದ ಬೇಡಿಕೆ, ಪೂರೈಕೆ, ಬಡ್ಡಿಯ ವಿಚಾರ ಅವರಿಗೆ ಚೆನ್ನಾಗಿ ಗೊತ್ತು. ಅದನ್ನೇ ಕಂಪನಿಯ ಸಭೆಯಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಮಾತ್ರ ತಡವರಿಸುತ್ತಾರೆ. ಬರೀ ವ್ಯಾಕರಣಕ್ಕಿಂತ ತಿಳಿದ ವಿಷಯದಿಂದಲೇ ಭಾಷೆ ಬೇಗ ಬರುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಹೀಗಾಗಿ ಷೇರುಪೇಟೆಯಲ್ಲಿರುವ ಕಂಪನಿಗಳು ವರ್ಷದ ಮೊದಲ ಮೂರು ತ್ರೈಮಾಸಿಕಗಳಲ್ಲಿ ಪ್ರತಿಯೊಂದೂ ಮುಗಿದ 45 ದಿನಗಳೊಳಗೆ ಪ್ರಕಟಿಸಬೇಕಾದ ಹಣಕಾಸು ಫಲಿತಾಂಶಗಳನ್ನೂ ರೆಪೊ ದರದ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿದರ) ಬಗ್ಗೆ ರಿಸರ್ವ್ ಬ್ಯಾಂಕ್ ಗವರ್ನರರ ಹೇಳಿಕೆಯನ್ನೂ ಓದಿಸುತ್ತಿದ್ದೇನೆ. ಕಂಪನಿಯಲ್ಲಿ ಇಮೇಲ್, ಸಭೆಯ ನಡಾವಳಿ, ದರದ ಮಾತುಕತೆ ನಿಜವಾಗಿ ಹೇಗಿರುತ್ತದೆಂದು ಬಲ್ಲವರು, ಅದರಲ್ಲೂ ಖರೀದಿ ಅಥವಾ ಲೆಕ್ಕಪತ್ರ ವಿಭಾಗದವರು, ಯಾವುದಾದರೂ ಭಾನುವಾರ ವಿಡಿಯೊ ಕರೆಯಲ್ಲಿ ಇವರೊಡನೆ ಮಾತನಾಡಬಲ್ಲಿರಾ? ಹೆಸರು, ಮೊತ್ತ ಅಳಿಸಿದ ಮಾದರಿ ಪತ್ರಗಳನ್ನು ಕಳಿಸಿದರೂ ದೊಡ್ಡ ಉಪಕಾರವಾಗುತ್ತದೆ.