ಹ್ಯಾಟಿ ಕೋಳಿಗೆ ಬಲಗಡೆ ತತ್ತಿಗೊಂಚಲು ಯಾಕಿಲ್ರಿ?

ಕಾರಟಗಿ ಕೋಳಿಯಾಕಿ:
ಹಿತ್ತಲದಾಗ ಇಪ್ಪತ್ತು ಜವಾರಿ ಕೋಳಿ ಸಾಕೀನ್ರಿ. ಹೋದ ಐತಾರ ಬೀಗರು ಬಂದ್ರಂತ ಎರಡು ಹ್ಯಾಟಿ ಕೊಯ್ದ್ವಿ. ಹೊಟ್ಟಿ ಸೀಳಿದ್ರ ಎರಡಕ್ಕೂ ಎಡಗಡೆ ಅಷ್ಟ ಹಳದಿ ಗುಂಡಿನ ಗೊಂಚಲು. ಬಲಕ್ಕ ಖಾಲಿ. ನಮ್ಮತ್ತಿ "ಎಲ್ಲಾ ಕೋಳಿಗೂ ಹಂಗ, ಸುಮ್ನ ಖಾರ ಅರಿ" ಅಂದ್ರು. ಮಗಳು ಪಿಯುಸಿ ಸೈನ್ಸು. ಹೆಣ್ಣಾಗಾಕ ಈಸ್ಟ್ರೋಜನ್ ಬೇಕು ಅಂತಾಳ. ರಕ್ತದಾಗ ಹರಿಯೋ ಹಾರ್ಮೋನು ಎರಡೂ ಕಡಿ ಮುಟ್ಟಬೇಕಲ್ರಿ? ಬಲಕ್ಕ ಏನು ಪಾಪ ಮಾಡೈತಿ?

ರಾಯಚೂರು, ಪಶುವೈದ್ಯ ಓದಾವ:
ಅಕ್ಕಾರ, ಮುಟ್ಟತೈತಿ, ಹಿಡ್ಕೊಳ್ಳೋದು ಎಡಗಡೆ ಅಷ್ಟ. ಕಾವಿನ 21 ದಿನದಾಗ ಮೊದಲ ಐದು ದಿನ ಗಂಡು ಯಾವ್ದು ಹೆಣ್ಣು ಯಾವ್ದು ಮುಂದ ಅಂಡಾಶಯ ಇಲ್ಲಾ ವೃಷಣ ಆಗೋ ಗ್ರಂಥಿ ನೋಡಿ ಹೇಳಾಕ ಬರೂದಿಲ್ಲ. ಆರನೇ ದಿನದ ಸುಮಾರಿಗೆ ಹೆಣ್ಣು ಭ್ರೂಣದ ಎರಡೂ ಗ್ರಂಥಿ ಒಳಗ ಅರೋಮಟೇಸ್ ಅನ್ನೋ ಕಿಣ್ವ ಈಸ್ಟ್ರೋಜನ್ ಮಾಡಾಕ ಹತ್ತತೈತಿ. ಅದನ್ನ ಹಿಡಿಯೋ ಈಸ್ಟ್ರೋಜನ್ ರಿಸೆಪ್ಟರ್ ಆಲ್ಫಾ ಎಡಗ್ರಂಥಿಯ ಹೊರಪದರಿನಾಗ ಐತಿ, ಬಲದ ಹೊರಪದರಿನಾಗ ಇಲ್ಲ. ಹಿಂಗಾಗಿ ಎಡದ ಹೊರಪದರ ದಪ್ಪಾಗಿ ತತ್ತಿಕೋಶಕ್ಕ ಜಾಗ ಆಗತೈತಿ, ಬಲದ್ದು ಬತ್ತತೈತಿ. ಎಡ-ಬಲದ ಈ ಭೇದಕ್ಕ ಪಿಟ್‌ಎಕ್ಸ್2 ಅನ್ನೋ ಜೀನು ಕಾರಣ, ಅದು ಎಡಗಡೆ ಕೆಲಸ ಮಾಡತೈತಿ.

ಸಿಂಧನೂರು ಮುದುಕ:
ತಂಗಿ, ನಮ್ಮಲ್ಲಿ ಒಂದು ಮುದಿ ಹ್ಯಾಟಿ ತತ್ತಿ ಬಿಟ್ಟು, ಜುಟ್ಟು ಕೆಂಪಗ ಮಾಡಿ ಹುಂಜದಂಗ ಕೂಗಾಕ ನಿಂತಿತ್ತು. ಅಪಶಕುನ ಅಂತ ಓಣಿಯವ್ರು ಬೆನ್ನು ಬಿದ್ರು. ಇದೂ ಅದರ ಸುದ್ದಿನ ಏನು?

ಪಶುವೈದ್ಯ ಓದಾವ:
ಇರಬೇಕ್ರಿ ಅಜ್ಜಾರ. ರೋಗ ಬಂದು ಎಡದ ಅಂಡಾಶಯ ಕೆಟ್ರ ಈಸ್ಟ್ರೋಜನ್ ಇಳೀತೈತಿ, ಬಲಗಡೆ ಉಳಿದ ತುಣುಕು ವೃಷಣದಂಗ ಬೆಳೆಯೋದುಂಟು. ಕಾವಿನ ತತ್ತಿಗೆ ಅರೋಮಟೇಸ್ ತಡೆಯೋ ಔಷಧ ಕೊಟ್ಟಾಗ ಹೆಣ್ಣು ಭ್ರೂಣದಾಗ ವೃಷಣ ಬೆಳೆದದ್ದನ್ನ ವಿಜ್ಞಾನಿಗಳು ನೋಡ್ಯಾರ.

ಕಾರಟಗಿ ಕೋಳಿಯಾಕಿ:
ಹಂಗಾದ್ರ ತತ್ತಿಗೆ ಈಸ್ಟ್ರೋಜನ್ ಹಾಕಿ ಬರೇ ಹ್ಯಾಟಿಮರಿ ತೆಗೀಬಹುದಲ್ಲ ತಮ್ಮಾ? ಹುಂಜ ಸಾಕಿ ಸಾಕಾಗೇತಿ.

ಪಶುವೈದ್ಯ ಓದಾವ:
ಆಗೂದಿಲ್ರಿ. ಗಂಡು ಭ್ರೂಣದ ಎಡಗ್ರಂಥಿ ಅಂಡಾಶಯದಂಗ ತಿರುಗತೈತಿ ಖರೆ, ಆದ್ರ ಮರಿ ದೊಡ್ಡದಾದಂಗ ಬಹುತೇಕ ಮತ್ತ ಗಂಡಿನ ಕಡೆ ವಾಲತೈತಿ. ಕ್ರೋಮೋಸೋಮು ಗಂಡಿಗೆ ಜೆಡ್-ಜೆಡ್, ಹೆಣ್ಣಿಗೆ ಜೆಡ್-ಡಬ್ಲ್ಯೂ; ಜೆಡ್-ಜೆಡ್ ಇದ್ದದ್ದು ಜೆಡ್-ಡಬ್ಲ್ಯೂ ಆಗೂದಿಲ್ಲ. ತತ್ತಿ ಇಡೋಕಿಂತ ಮೊದಲ ಅದನ್ನ ತಾಯಿ ಹ್ಯಾಟಿನ ತೀರ್ಮಾನಿಸಿರತಾಳ.

ಕಾರಟಗಿ ಕೋಳಿಯಾಕಿ:
ಈಗ ನೆನಪಾತು ನೋಡ್ರಿ, ಬಲಗಡೆ ಬೆನ್ನಿಗೆ ಹತ್ತಿ ಸಣ್ಣ ಬಿಳಿ ಎಳಿ ಇತ್ತು. ಕೊಬ್ಬಂತ ಬೆಕ್ಕಿಗೆ ಹಾಕಿಬಿಟ್ಟೆ.